ಫಿಕ್ಸೆಡ್ ಬಡ್ಡಿಯ ಮನೆ ಸಾಲ: ಇಟ್ಟುಕೊಳ್ಳೋದಾ, ತೀರಿಸೋದಾ, ಬೇರೆ ಬ್ಯಾಂಕಿಗೆ ಹೋಗೋದಾ?

ಫೆಬ್ರವರಿ ಕೊನೆಗೆ ರೋಬಸ್ಟಾ ಕಾಫಿ ಕಣದಿಂದ ಮೂಟೆಗೆ ಸೇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ದುಡ್ಡು ಖಾತೆಗೆ ಬರುತ್ತದೆ. ಆಗ ಶುರುವಾಗುತ್ತದೆ ಈ ಪ್ರಶ್ನೆ. ‘ಅಣ್ಣ, ಮನೆ ಸಾಲ ಒಂದೇ ಸಲ ಕಟ್ಟಿ ಮುಗಿಸಿಬಿಡಲಾ? ಫಿಕ್ಸೆಡ್ ಬಡ್ಡಿ, ಮೊದಲೇ ಕಟ್ಟಿದರೆ ದಂಡ ಹಾಕ್ತಾರಂತೆ.’ ಕೊಡಗಿನ ಸುಂಟಿಕೊಪ್ಪದ ಸಂತೆಯಲ್ಲಿ ತರಕಾರಿ ಚೀಲ ಹಿಡಿದುಕೊಂಡೇ ಇದನ್ನು ನನಗೆ ನಾಲ್ಕು ಜನ ಕೇಳಿದ್ದಾರೆ. ನಾನು ಬ್ಯಾಂಕಿನವನಲ್ಲ. ಸಾಲ ತೆಗೆದು, ತಪ್ಪು ಮಾಡಿ, ದಂಡ ಕಟ್ಟಿ ಬಂದವನು, ಅಷ್ಟೇ. ಹಾಗಾಗಿ ಸಂತೆಯಲ್ಲಿ ನಿಂತು ಹೇಳಲು ಆಗದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಹೆದರುವುದು ದಂಡಕ್ಕೆ. ಆದರೆ ಲೆಕ್ಕ ಹಾಕಿ ನೋಡಿದರೆ ದಂಡ ಅಷ್ಟು ದೊಡ್ಡ ಖರ್ಚಲ್ಲ. ಸಾಲ ಇನ್ನು ಎಷ್ಟು ವರ್ಷ ಉಳಿದಿದೆ, ಮತ್ತು ತೀರಿಸುವ ದುಡ್ಡು ಎಲ್ಲಿಂದ ಬರುತ್ತಿದೆ, ಈ ಎರಡರ ಮೇಲೆ ಎಲ್ಲ ನಿಂತಿದೆ.

ಈಗ ಈ ಪ್ರಶ್ನೆ ಜಾಸ್ತಿ ಆಗಿರುವುದಕ್ಕೆ ಕಾರಣವೂ ಇದೆ. 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಯನ್ನು, ಶೇ 6.50ರಿಂದ ಶೇ 5.25ಕ್ಕೆ ಇಳಿಸಿತು. ಫ್ಲೋಟಿಂಗ್ ಸಾಲ, ಅಂದರೆ ಇಂಥ ದರ ಏರಿಳಿದಂತೆ ಬಡ್ಡಿಯೂ ಬದಲಾಗುವ ಸಾಲ, ಇದ್ದ ಪಕ್ಕದ ಮನೆಯವರಿಗೆ ಬಡ್ಡಿ ಇಳಿಯಿತು. ಫಿಕ್ಸೆಡ್ ಇದ್ದವರು ಸುಮ್ನೆ ನೋಡುತ್ತಾ ಕೂತರು.

ನಿಮ್ಮದು ನಿಜಕ್ಕೂ ಫಿಕ್ಸೆಡ್ಡಾ?

ಇದು ತಮಾಷೆ ಪ್ರಶ್ನೆ ಅಲ್ಲ. ಸ್ಯಾಂಕ್ಷನ್ ಲೆಟರ್ ಬೀರುವಿನಿಂದ ತೆಗೆದು ಓದಿ. ನಮ್ಮಲ್ಲಿ ಹದಿನೈದು ಇಪ್ಪತ್ತು ವರ್ಷ ಪೂರ್ತಿ ಒಂದೇ ಬಡ್ಡಿ ಇರುವ ಮನೆ ಸಾಲ ಅಪರೂಪ. ಜಾಸ್ತಿ ಇರುವುದು ಮೊದಲ ಎರಡು, ಮೂರು ಅಥವಾ ಐದು ವರ್ಷ ಫಿಕ್ಸೆಡ್, ಆಮೇಲೆ ತಾನಾಗಿಯೇ ಫ್ಲೋಟಿಂಗ್ ಆಗುವ ಸಾಲ. ಇನ್ನು ಕೆಲವದರಲ್ಲಿ ಹೆಸರಿಗೆ ಫಿಕ್ಸೆಡ್, ಒಳಗೆ ಸಣ್ಣ ಅಕ್ಷರದಲ್ಲಿ ‘ಇಂತಿಷ್ಟು ವರ್ಷಕ್ಕೊಮ್ಮೆ ಬಡ್ಡಿ ಪರಿಷ್ಕರಿಸಲಾಗುವುದು’ ಅಂತ ಒಂದು ಸಾಲು ಇರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಇಂಥ ಎರಡು ಹಂತದ ಸಾಲಕ್ಕೆ ದಂಡ ಹಾಕಬಹುದೋ ಇಲ್ಲವೋ ಅನ್ನುವುದು ನೀವು ದುಡ್ಡು ಕಟ್ಟುವ ದಿನ ಸಾಲ ಯಾವ ಬಡ್ಡಿಯಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಆ ದಿನ ಫ್ಲೋಟಿಂಗ್ ಆಗಿದ್ದರೆ ದಂಡ ಇಲ್ಲ. ಫಿಕ್ಸೆಡ್ ಅವಧಿ ಮುಗಿಯಲು ಇನ್ನು ಐದಾರು ತಿಂಗಳು ಇದೆ ಅನ್ನುವವರು ಅವಸರ ಮಾಡಬೇಡಿ. ಈ ವರ್ಷದ ರೋಬಸ್ಟಾ ದುಡ್ಡನ್ನು ಎಫ್‌ಡಿಯಲ್ಲಿ ಇಟ್ಟು, ಸಾಲ ಫ್ಲೋಟಿಂಗ್ ಆದ ಮೇಲೆ ಕಟ್ಟಿದರೆ ಒಂದು ಪೈಸೆ ದಂಡ ಇಲ್ಲದೆ ಕೆಲಸ ಮುಗಿಯುತ್ತದೆ. ಆ ಐದಾರು ತಿಂಗಳು ಸಾಲದ ಬಡ್ಡಿಗೂ ಎಫ್‌ಡಿ ಬಡ್ಡಿಗೂ ಇರುವ ಅಂತರ ದಂಡಕ್ಕಿಂತ ಕಡಿಮೆ ಇದೆಯಾ ಅಂತ ಮಾತ್ರ ಒಂದು ಸಲ ನೋಡಿಕೊಳ್ಳಿ.

ದಂಡದ ನಿಯಮ, ಚುಟುಕಾಗಿ

ಫ್ಲೋಟಿಂಗ್ ಮನೆ ಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಇದು 2011ರಲ್ಲಿ ಬಂತು, ಬ್ಯಾಂಕುಗಳಿಗೆ 2012ರ ಜೂನ್‌ನಲ್ಲಿ. 2025ರ ಜುಲೈ 2ರಂದು ರಿಸರ್ವ್ ಬ್ಯಾಂಕ್ ಇದನ್ನೆಲ್ಲ ಸೇರಿಸಿ ಹೊಸ ನಿರ್ದೇಶನ ಹೊರಡಿಸಿತು. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಿಗೆ ಅದು ಅನ್ವಯ. ಅದರಲ್ಲಿಯೂ ಫ್ಲೋಟಿಂಗ್‌ಗೆ ಮಾತ್ರ ಪೂರ್ತಿ ಮಾಫಿ, ದುಡ್ಡು ಎಲ್ಲಿಂದ ತಂದರೂ ಸರಿ.

ಫಿಕ್ಸೆಡ್‌ಗೆ ಹಾಗಿಲ್ಲ. ಸಾಲ ಕೊಟ್ಟವರು ತಮ್ಮದೇ ನೀತಿಯಂತೆ ದಂಡ ಹಾಕಬಹುದು. ಸಾಮಾನ್ಯವಾಗಿ ನೋಡಸಿಗುವುದು ಶೇ 2ರ ಆಸುಪಾಸು, ಅದರ ಮೇಲೆ ಶೇ 18 ಜಿಎಸ್‌ಟಿ. ಆದರೆ ಹೊಸ ನಿರ್ದೇಶನದಲ್ಲಿ ಎರಡು ಕಟ್ಟುಪಾಡು ಇವೆ. ದಂಡವನ್ನು ನೀವು ಮುಂಚೆ ಕಟ್ಟುತ್ತಿರುವ ಮೊತ್ತದ ಮೇಲೆ ಲೆಕ್ಕ ಹಾಕಬೇಕು, ಮೊದಲು ಕೊಟ್ಟ ಇಡೀ ಸಾಲದ ಮೇಲೆ ಅಲ್ಲ. ಮತ್ತೆ, ಕೆಎಫ್‌ಎಸ್ ಅನ್ನುವ ಕಾಗದದಲ್ಲಿ ಬರೆಯದ ದಂಡವನ್ನು ಆಮೇಲೆ ಕೇಳುವಂತಿಲ್ಲ. ಕೆಎಫ್‌ಎಸ್ ಅಂದರೆ ಸಾಲದ ಬಡ್ಡಿ, ಚಾರ್ಜು ಎಲ್ಲ ಒಂದೇ ಕಡೆ ಬರೆದುಕೊಡುವ ಹಾಳೆ, 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಕಡ್ಡಾಯ. ಅದಕ್ಕಿಂತ ಹಳೆಯ ಸಾಲಕ್ಕೆ ಕೆಎಫ್‌ಎಸ್ ಹುಡುಕಬೇಡಿ, ಸಾಲದ ಕರಾರು ಪತ್ರವೇ ಗತಿ.

ಹೌಸಿಂಗ್ ಫೈನಾನ್ಸ್ ಕಂಪನಿಯಿಂದ ಹಿಂದೆ ಫಿಕ್ಸೆಡ್ ಸಾಲ ತೆಗೆದವರಿಗೆ ಇನ್ನೊಂದು ಒಳ್ಳೆ ನಿಯಮ ಇತ್ತು: ನಿಮ್ಮ ಸ್ವಂತ ಮೂಲದ ಹಣದಿಂದ ತೀರಿಸಿದರೆ ದಂಡ ಇಲ್ಲ. ಬೇರೆ ಬ್ಯಾಂಕಿನಿಂದ ಸಾಲ ತಂದು ತೀರಿಸಿದರೆ ಮಾತ್ರ ದಂಡ. ಹೊಸ ಸಾಲವಾದರೆ ನಿಮ್ಮ ಕೆಎಫ್‌ಎಸ್‌ನಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ.

ಈ ‘ಸ್ವಂತ ಮೂಲ’ ಅನ್ನುವ ಎರಡು ಪದದಲ್ಲೇ ನಾನು ಸಿಕ್ಕಿಹಾಕಿಕೊಂಡದ್ದು.

ಚಿನ್ನ ನಮ್ಮದು, ದುಡ್ಡು ಯಾರದು?

ನನ್ನ ಸಾಲದಲ್ಲಿ ಐದು ಲಕ್ಷ ಬಾಕಿ ಇತ್ತು. ಫೆಬ್ರವರಿ ತಿಂಗಳು. ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿತ್ತು, ರೇಟು ಏರುತ್ತಿತ್ತು, ಈಗಲೇ ಮಾರಲು ಮನಸ್ಸಿಲ್ಲ. ಆದರೆ ಸಾಲ ಮುಗಿಸಿಬಿಡಬೇಕು ಅಂತ ತಲೆಗೆ ಹೊಕ್ಕಿತ್ತು. ಹೆಂಡತಿಯ ಚಿನ್ನ ಬ್ಯಾಂಕಿನಲ್ಲಿಟ್ಟು ಮೂರೂವರೆ ಲಕ್ಷ ತೆಗೆದೆ, ಕೈಯಲ್ಲಿದ್ದ ಒಂದೂವರೆ ಸೇರಿಸಿದೆ. ಕಾಫಿ ಮಾರಿದ ಮೇಲೆ ಚಿನ್ನ ಬಿಡಿಸಿದರಾಯಿತು ಅಂತ ಲೆಕ್ಕ. ಬಹಳ ಬುದ್ಧಿವಂತಿಕೆ ಮಾಡಿದೆ ಅಂದುಕೊಂಡು ಸಾಲ ಕೊಟ್ಟ ಕಂಪನಿಯ ಆಫೀಸಿಗೆ ಹೋದೆ.

ಅಲ್ಲಿದ್ದ ಹುಡುಗಿ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಳು. ಕೊಟ್ಟೆ. ಪೆನ್ನಿನ ತುದಿಯನ್ನು ಒಂದೊಂದು ಸಾಲಿನ ಮೇಲೆ ಇಳಿಸುತ್ತಾ ಬಂದವಳು ಕೊನೆಯ ಹಾಳೆಯಲ್ಲಿ ಒಂದು ಕಡೆ ನಿಲ್ಲಿಸಿದಳು.

‘ಸರ್, ಇದು ಗೋಲ್ಡ್ ಲೋನ್ ಅಲ್ವಾ?’

‘ಹೌದಮ್ಮ, ನಮ್ಮದೇ ಚಿನ್ನ.’

‘ಚಿನ್ನ ನಿಮ್ಮದು ಸರ್. ದುಡ್ಡು ಬ್ಯಾಂಕಿನದು.’

ಅವಳ ತಪ್ಪೇನೂ ಇಲ್ಲ. ನಿಯಮದ ಪ್ರಕಾರ ಬ್ಯಾಂಕ್, ಹೌಸಿಂಗ್ ಫೈನಾನ್ಸ್ ಅಥವಾ ಇನ್ಯಾವುದೇ ಹಣಕಾಸು ಸಂಸ್ಥೆಯಿಂದ ಸಾಲವಾಗಿ ತಂದದ್ದು ಸ್ವಂತ ಮೂಲ ಅಲ್ಲ. ಐದು ಲಕ್ಷಕ್ಕೆ ಶೇ 2, ಹತ್ತು ಸಾವಿರ. ಜಿಎಸ್‌ಟಿ 1,800. ಒಟ್ಟು 11,800 ರೂಪಾಯಿ ಕಟ್ಟಿ ಬಂದೆ. ಮೂರು ವಾರ ಕಾದು ಕಾಫಿ ಮಾರಿದ ದುಡ್ಡು ಖಾತೆಗೆ ಬಿದ್ದ ಮೇಲೆ ಹೋಗಿದ್ದರೆ ಅದು ಉಳಿಯುತ್ತಿತ್ತು. ಮೂರು ವಾರದ ಬಡ್ಡಿ ಮೂರು ಸಾವಿರವೂ ಆಗುತ್ತಿರಲಿಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ ಏನೂ ಮಾತಾಡಲಿಲ್ಲ, ಕಾಫಿ ಲೋಟ ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು.

ಹಾಗಾಗಿ ಸ್ವಂತ ದುಡ್ಡಿನಿಂದ ತೀರಿಸುವವರು ಮೊದಲೇ ತಯಾರಾಗಿ. ಕಾಫಿ, ಮೆಣಸು ಮಾರಿದ ದುಡ್ಡು ನಗದಾಗಿ ಬೇಡ, ಖಾತೆಗೇ ಬರಲಿ. ವ್ಯಾಪಾರಿಯ ಬಿಲ್ ಇಟ್ಟುಕೊಳ್ಳಿ. ಅಣ್ಣತಮ್ಮಂದಿರು, ಭಾವ ಕೈಗಡ ಕೊಟ್ಟರೆ ಅದು ಬ್ಯಾಂಕ್ ಸಾಲ ಅಲ್ಲ, ಅದರಿಂದ ತೊಂದರೆ ಇಲ್ಲ, ಆದರೆ ಅವರ ಖಾತೆಯಿಂದ ನಿಮ್ಮ ಖಾತೆಗೆ ಬಂದ ದಾಖಲೆ ಇರಲಿ. ಸಹಕಾರ ಸಂಘದಲ್ಲಿ ಬೆಳೆ ಸಾಲ ತೆಗೆದು ಮನೆ ಸಾಲಕ್ಕೆ ಕಟ್ಟುವವರೂ ನಮ್ಮಲ್ಲಿ ಇದ್ದಾರೆ. ಅದು ಎರಡು ಕಡೆಯಿಂದಲೂ ತಪ್ಪು: ಇಲ್ಲಿ ದಂಡ ಬೀಳುತ್ತದೆ, ಅಲ್ಲಿ ಗೊಬ್ಬರಕ್ಕೆ ಕೊಟ್ಟ ದುಡ್ಡು ಗೊಬ್ಬರಕ್ಕೆ ಹೋಗಿಲ್ಲ.

ಹೋಲಿಕೆ: ಇರೋದು, ಒಳಗೇ ಬದಲಾಯಿಸೋದು, ಟೇಕ್ ಓವರ್

ಪೂರ್ತಿ ತೀರಿಸುವಷ್ಟು ದುಡ್ಡು ಇಲ್ಲದವರಿಗೆ ಇರುವ ದಾರಿ ಮೂರು. ಸುಮ್ನೆ ಇದ್ದುಬಿಡುವುದು. ಅದೇ ಬ್ಯಾಂಕಿನಲ್ಲಿ ಒಂದು ಶುಲ್ಕ ಕಟ್ಟಿ ಫಿಕ್ಸೆಡ್‌ನಿಂದ ಫ್ಲೋಟಿಂಗ್‌ಗೆ ಬರುವುದು. ಇಲ್ಲವೇ ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದು, ನಮ್ಮವರ ಬಾಯಲ್ಲಿ ‘ಟೇಕ್ ಓವರ್’.

ಒಂದು ಲೆಕ್ಕ ಹಾಕೋಣ. ಅಂಕಿ ನಾನು ಇಟ್ಟುಕೊಂಡದ್ದು, ನಿಮ್ಮ ಅಂಕಿ ಹಾಕಿ ನೋಡಿ. ಬಾಕಿ 20 ಲಕ್ಷ, ಉಳಿದ ಅವಧಿ 10 ವರ್ಷ, ಫಿಕ್ಸೆಡ್ ಬಡ್ಡಿ ಶೇ 10.5. ಈಗಿನ ಕಂತು ತಿಂಗಳಿಗೆ 26,987 ರೂಪಾಯಿ.

ಹೊಸ ಬ್ಯಾಂಕ್ ಶೇ 8.25ಕ್ಕೆ ಕೊಡುತ್ತೇನೆ ಅನ್ನುತ್ತದೆ. ಕಂತು 24,530ಕ್ಕೆ ಇಳಿಯುತ್ತದೆ. ತಿಂಗಳಿಗೆ ಸುಮಾರು 2,456 ಉಳಿತಾಯ, ಬಡ್ಡಿ ಹಾಗೇ ಇದ್ದರೆ ಹತ್ತು ವರ್ಷಕ್ಕೆ 2,94,000ದ ಮೇಲೆ. ಏಜೆಂಟ್ ನಿಮಗೆ ಈ ಅಂಕಿ ತೋರಿಸಿ ಅಲ್ಲಿಗೇ ನಿಲ್ಲಿಸುತ್ತಾನೆ. ನಾವು ಖರ್ಚೂ ಬರೆಯೋಣ. ಹಳೆಯವರಿಗೆ ಶೇ 2 ದಂಡ 40,000, ಜಿಎಸ್‌ಟಿ 7,200. ಹೊಸವರಿಗೆ ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ, ಎಂಓಡಿಗೆ (ಮನೆ ಪತ್ರ ಬ್ಯಾಂಕಿನಲ್ಲಿ ಅಡವಿಟ್ಟದ್ದರ ದಾಖಲೆ) ಸ್ಟ್ಯಾಂಪ್ ಮತ್ತು ನೋಂದಣಿ, ಇದೆಲ್ಲ ಸೇರಿ 30,000 ಅಂತ ಇಟ್ಟುಕೊಳ್ಳಿ. ಒಟ್ಟು 77,200. ಇದು ವಸೂಲಾಗಲು ಎರಡು ವರ್ಷ ಎಂಟು ತಿಂಗಳು ಬೇಕು. ಆಮೇಲೆ ಬರುವುದು ನಿಜವಾದ ಲಾಭ. ಕೊನೆಗೆ ಕೈಗೆ ಉಳಿಯುವುದು ಸುಮಾರು 2,17,500.

ಈಗ ಎರಡನೇ ದಾರಿ. ನಿಮ್ಮದೇ ಬ್ಯಾಂಕ್ ಅಷ್ಟು ಕಡಿಮೆಗೆ ಕೊಡುವುದಿಲ್ಲ, ಶೇ 8.75 ಅನ್ನುತ್ತದೆ, ಬದಲಾಯಿಸಲು ಅರ್ಧ ಪರ್ಸೆಂಟ್ ಶುಲ್ಕ ಕೇಳುತ್ತದೆ ಅಂದುಕೊಳ್ಳಿ. ಶುಲ್ಕ 10,000, ಜಿಎಸ್‌ಟಿ 1,800. ಕಂತು 25,065. ತಿಂಗಳಿಗೆ 1,922 ಉಳಿತಾಯ, ಹತ್ತು ವರ್ಷಕ್ಕೆ 2,30,640. ಶುಲ್ಕ ಕಳೆದರೆ 2,18,840.

ನೋಡಿದಿರಾ? ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಇದ್ದರೂ ಒಳಗೇ ಬದಲಾಯಿಸಿದ್ದು ಟೇಕ್ ಓವರ್‌ಗೆ ಸರಿಸಮ ನಿಂತಿತು, ಒಂದು ಸಾವಿರ ಮುಂದೆಯೇ ಹೋಯಿತು. ಖರ್ಚು ಏಳು ತಿಂಗಳೊಳಗೆ ವಸೂಲು. ಮಡಿಕೇರಿಗೆ ನಾಲ್ಕು ಸಲ ಓಡುವ ಬಸ್ ಚಾರ್ಜು, ಜೆರಾಕ್ಸ್ ಖರ್ಚು, ಹಾಳಾದ ದಿನ ನಾನು ಲೆಕ್ಕಕ್ಕೇ ಹಿಡಿದಿಲ್ಲ. ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದು: ನಿಮ್ಮ ಬ್ಯಾಂಕಿಗೇ ಒಂದು ಅರ್ಜಿ ಕೊಡಿ, ‘ಬೇರೆ ಕಡೆ ಇಷ್ಟಕ್ಕೆ ಸಿಗುತ್ತಿದೆ, ನೀವು ಎಷ್ಟಕ್ಕೆ ಕೊಡುತ್ತೀರಿ’ ಅಂತ. ಹೊಸ ಬ್ಯಾಂಕಿನ ಆಫರ್ ಲೆಟರ್ ಜೊತೆಗಿಟ್ಟರೆ ಮಾತು ಬೇಗ ಮುಂದೆ ಹೋಗುತ್ತದೆ. ಬಾಯಿಮಾತಿಗೆ ಯಾರೂ ಕದಲುವುದಿಲ್ಲ.

ಇನ್ನು ಸುಮ್ನೆ ಇರುವುದು. ಇದು ಸೋಮಾರಿತನ ಅಂತ ಎಲ್ಲರೂ ಬೈಯುತ್ತಾರೆ, ಆದರೆ ಸಾಲ ಕೊನೆಗೆ ಬಂದಿದ್ದರೆ ಇದೇ ಸರಿ. ಅದೇ ಶೇ 10.5, ಬಾಕಿ 6 ಲಕ್ಷ, ಉಳಿದದ್ದು ಮೂರೇ ವರ್ಷ ಅಂದುಕೊಳ್ಳಿ. ಕಂತು 19,501. ಶೇ 8.25ಕ್ಕೆ ಹೋದರೆ 18,871. ತಿಂಗಳಿಗೆ 630 ರೂಪಾಯಿ, ಮೂರು ವರ್ಷಕ್ಕೆ ಹೆಚ್ಚೆಂದರೆ 22,700. ದಂಡ ಜಿಎಸ್‌ಟಿ ಸೇರಿ 14,160, ಮೇಲಿನ ಮೂವತ್ತು ಸಾವಿರ ಸೇರಿಸಿದರೆ 44,160. ಇಪ್ಪತ್ತೊಂದು ಸಾವಿರ ಕೈಯಿಂದ ಹೋಗುತ್ತದೆ. ಸಾಲದ ಕೊನೆಯಲ್ಲಿ ಕಂತಿನ ಬಹುಪಾಲು ಅಸಲಿಗೇ ಹೋಗುತ್ತಿರುತ್ತದೆ, ಉಳಿಸಲು ಬಡ್ಡಿಯೇ ಉಳಿದಿರುವುದಿಲ್ಲ.

ಟೇಕ್ ಓವರ್ ಏಜೆಂಟರ ಇನ್ನೊಂದು ಚಾಳಿ ಇದೆ. ಹತ್ತು ವರ್ಷ ಉಳಿದ ಸಾಲವನ್ನು ಹೊಸ ಬ್ಯಾಂಕಿನಲ್ಲಿ ಹದಿನೈದು ವರ್ಷಕ್ಕೆ ಮಾಡಿ, ‘ನೋಡಿ ಸರ್, ಕಂತು ಏಳು ಸಾವಿರ ಕಮ್ಮಿ ಆಯ್ತು’ ಅನ್ನುವುದು. ಕಂತು ಅಷ್ಟು ಇಳಿದದ್ದು ಬಡ್ಡಿಯಿಂದ ಮಾತ್ರ ಅಲ್ಲ, ಬಹುಪಾಲು ಅವಧಿ ಹಿಗ್ಗಿದ್ದರಿಂದ. ಉಳಿದ ಅವಧಿ ಎಷ್ಟಿದೆಯೋ ಅಷ್ಟಕ್ಕೇ ಮಾಡಿಸಿ.

ಜಮ್ಮಾ, ಆರ್‌ಟಿಸಿ, ಪ್ಯಾನಲ್ ವಕೀಲರು

ಬೆಂಗಳೂರಿನವರಿಗೆ ಟೇಕ್ ಓವರ್ ಅಂದರೆ ಮೊಬೈಲ್‌ನಲ್ಲಿ ನಾಲ್ಕು ಕಾಗದ ಅಪ್‌ಲೋಡ್. ಕೊಡಗಿನಲ್ಲಿ ಅಷ್ಟು ಸಲೀಸಲ್ಲ. ಕುಶಾಲನಗರದ ಬಡಾವಣೆಯಲ್ಲಿ ಪರಿವರ್ತನೆಯಾದ ಸೈಟ್ ಇದ್ದರೆ ಸರಿ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ಫಾರಂ 9 ಮತ್ತು 11 ಕೇಳುತ್ತಾರೆ. ಜಮ್ಮಾ ಬಾಣೆಯಲ್ಲಿ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗದಲ್ಲಿ, ಕಟ್ಟಿದ ಮನೆಯಾದರೆ ಕಥೆಯೇ ಬೇರೆ. ಆರ್‌ಟಿಸಿಯಲ್ಲಿ ಪಟ್ಟೇದಾರರ ಹೆಸರು, ಅದರ ಕೆಳಗೆ ಕುಟುಂಬದ ಹತ್ತು ಹದಿನೈದು ಹೆಸರು, ಅದರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಒಬ್ಬರು ದುಬೈಯಲ್ಲಿ. ಹೊಸ ಬ್ಯಾಂಕಿನ ಪ್ಯಾನಲ್ ವಕೀಲರು ವಂಶವೃಕ್ಷ ಕೇಳುತ್ತಾರೆ, ವಿಭಾಗ ಪತ್ರ ಕೇಳುತ್ತಾರೆ, ಎಲ್ಲರ ಒಪ್ಪಿಗೆ ಕೇಳುತ್ತಾರೆ.

ಹಳೇ ಬ್ಯಾಂಕ್ ಒಪ್ಪಿದ ಕಾಗದವನ್ನು ಹೊಸ ಬ್ಯಾಂಕ್ ಒಪ್ಪಲೇಬೇಕು ಅಂತ ಏನೂ ಇಲ್ಲ. ಮತ್ತೆ ವಕೀಲರ ಫೀ ಕಟ್ಟಿದ ಮೇಲೆ ಅವರು ‘ಆಗಲ್ಲ’ ಅಂದರೆ ಆ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಅರ್ಜಿಗೆ ಮುಂಚೆಯೇ ಶಾಖೆಯಲ್ಲಿ ಕೇಳಿ: ನಿಮ್ಮ ಪ್ಯಾನಲ್ ವಕೀಲರು ಜಮ್ಮಾ ಜಾಗಕ್ಕೆ ಹಿಂದೆ ಅಭಿಪ್ರಾಯ ಕೊಟ್ಟಿದ್ದಾರಾ? ವಿರಾಜಪೇಟೆ, ಪೊನ್ನಂಪೇಟೆ ಕಡೆ ಈ ಕಾಗದ ನೋಡಿ ಪಳಗಿದ ವಕೀಲರು ಸಿಗುತ್ತಾರೆ. ಹೊರಗಿನವರಾದರೆ ಮೊದಲ ಹಾಳೆಯಲ್ಲೇ ಬೆವರುತ್ತಾರೆ. ಜಮ್ಮಾ ಇರುವವರಿಗೆ ನನ್ನ ಮತ ನೇರ: ಒಳಗೇ ಬದಲಾಯಿಸಿಕೊಳ್ಳಿ, ಅದಕ್ಕೆ ಹೊಸ ಕಾಗದ ಬೇಡ.

ಇನ್ನೊಂದು ವಿಷಯ ಮರೆಯಬೇಡಿ. ಹಳೇ ಸಾಲದ ಜೊತೆ ಮನೆಗೆ ಮಾಡಿಸಿದ ವಿಮೆ ಇದ್ದರೆ, ಸಾಲ ಬದಲಾಯಿಸುವಾಗ ಅದು ನಡುವೆ ನಿಂತುಹೋಗದಂತೆ ನೋಡಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ ಅಲ್ವಾ? 2021ರ ಏಪ್ರಿಲ್‌ನಿಂದ ಇರುವ ‘ಭಾರತ್ ಗೃಹ ರಕ್ಷಾ’ ಅನ್ನುವ ಪಾಲಿಸಿಯಲ್ಲಿ ಪ್ರವಾಹ, ಭೂಕುಸಿತ ಎರಡೂ ಸೇರಿವೆ. ಟೇಕ್ ಓವರ್ ಜೂನ್‌ನಲ್ಲಿ ಮಾಡಿಸುವವರು ಹಳೇ ಪಾಲಿಸಿ ರದ್ದು ಮಾಡುವ ಮೊದಲು ಹೊಸದು ಕೈಗೆ ತೆಗೆದುಕೊಳ್ಳಿ. ಸಾಲದ ಜೊತೆ ತಲೆಗೆ ಕಟ್ಟಿದ ಜೀವವಿಮೆ ಇದ್ದರೆ ಉಳಿದ ಅವಧಿಗೆ ಎಷ್ಟು ವಾಪಸ್ ಬರುತ್ತದೆ ಅಂತ ಕೇಳಿ. ನೀವು ಕೇಳದಿದ್ದರೆ ಅವರಾಗಿಯೇ ಹೇಳುವುದಿಲ್ಲ.

ವರ್ಷಕ್ಕೊಮ್ಮೆ ದುಡ್ಡು ಬರುವವರಿಗೆ

ತಿಂಗಳ ಸಂಬಳದವರಿಗೆ ಮೇಲಿನ ಲೆಕ್ಕ ಸಾಕು. ತೋಟದವರ ವಿಷಯ ಸ್ವಲ್ಪ ಬೇರೆ. ನಮಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಹೋಗುವುದು ವರ್ಷವಿಡೀ: ಗೊಬ್ಬರ, ಕೂಲಿ, ಮರಗಸಿ (ನೆರಳು ಮರದ ಕೊಂಬೆ ಕಡಿಸುವುದು), ಮಕ್ಕಳ ಫೀಸು.

ಪೂರ್ತಿ ತೀರಿಸಲು ಆಗದಿದ್ದರೆ ಸ್ವಲ್ಪ ಸ್ವಲ್ಪ ಮುಂಗಡ ಕಟ್ಟಬಹುದು. ಮೇಲಿನ 20 ಲಕ್ಷದ ಸಾಲಕ್ಕೇ ಈ ಮಾರ್ಚ್‌ನಲ್ಲಿ 2 ಲಕ್ಷ ಅಸಲಿಗೆ ಕಟ್ಟಿ, ಕಂತು 26,987 ಹಾಗೇ ಇಟ್ಟರೆ ಸಾಲ 120 ತಿಂಗಳ ಬದಲು 101 ತಿಂಗಳಿಗೆ ಮುಗಿಯುತ್ತದೆ. ಉಳಿಯುವ ಬಡ್ಡಿ 3.2 ಲಕ್ಷದ ಮೇಲೆ. ಇದಕ್ಕೆ ಶೇ 2 ದಂಡ ಹಾಕಿದರೂ 4,720 ರೂಪಾಯಿ. ಹೆದರಿ ಹೆದರಿ ದುಡ್ಡನ್ನು ಉಳಿತಾಯ ಖಾತೆಯಲ್ಲಿ ಕೊಳೆಹಾಕಿದವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಕಟ್ಟುವಾಗ ‘ಕಂತು ಇಳಿಸಬೇಡಿ, ಅವಧಿ ಇಳಿಸಿ’ ಅಂತ ಬರೆದು ಕೊಡಿ. ಕೆಲವು ಕಡೆ ವರ್ಷಕ್ಕೆ ಬಾಕಿಯ ಇಂತಿಷ್ಟು ಭಾಗದವರೆಗೆ ದಂಡ ಇಲ್ಲದೆ ಕಟ್ಟಲು ಬಿಡುತ್ತಾರೆ, ಕರಾರಿನಲ್ಲಿ ನೋಡಿ. ಹಾಗೆ ಇದ್ದರೆ ಮಾರ್ಚ್ 31ಕ್ಕೆ ಮುಂಚೆ ಒಂದು ಸಲ, ಏಪ್ರಿಲ್‌ನಲ್ಲಿ ಇನ್ನೊಂದು ಸಲ ಕಟ್ಟಿದರೆ ಎರಡು ಹಣಕಾಸು ವರ್ಷದ ಮಿತಿ ಸಿಗಬಹುದು. ನಮ್ಮ ಕೊಯ್ಲಿನ ದುಡ್ಡು ಸರಿಯಾಗಿ ಆ ಗಡಿಯಲ್ಲೇ ಬರುವುದು, ಅದೊಂದು ಅದೃಷ್ಟ.

ಪೂರ್ತಿ ಹೊರಬರುವುದೇ ಆದರೆ ತೋಟದವರು ಓವರ್‌ಡ್ರಾಫ್ಟ್ ಮಾದರಿಯ ಫ್ಲೋಟಿಂಗ್ ಮನೆ ಸಾಲವನ್ನು ಒಮ್ಮೆ ನೋಡಬೇಕು. ಎಸ್‌ಬಿಐನಲ್ಲಿ ಮ್ಯಾಕ್ಸ್‌ಗೇನ್ ಅಂತ ಇದೆ, ಬೇರೆಯವರಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇದೆ. ಕಾಫಿ ದುಡ್ಡನ್ನು ಆ ಖಾತೆಗೆ ಹಾಕಿಡುತ್ತೀರಿ, ಅಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಗೊಬ್ಬರಕ್ಕೆ ಬೇಕಾದಾಗ ವಾಪಸ್ ತೆಗೆಯುತ್ತೀರಿ. ಬಡ್ಡಿ ಸ್ವಲ್ಪ ಜಾಸ್ತಿ ಇರುತ್ತದೆ. ಸಂಬಳದವರಿಗೆ ಇದು ಅಷ್ಟು ಗಿಟ್ಟುವುದಿಲ್ಲ, ನಮ್ಮಂಥವರಿಗೆ ಗಿಟ್ಟುತ್ತದೆ. ಆದರೆ ಕೈ ಬಿಗಿ ಇಲ್ಲದವರು ಆ ಕಡೆ ತಲೆ ಹಾಕಬೇಡಿ. ತೆಗೆಯುವುದು ಅಷ್ಟು ಸುಲಭ ಇರುವಾಗ ಮದುವೆ ಸೀಸನ್‌ನಲ್ಲಿ ಎಲ್ಲ ಖಾಲಿ.

ತೆರಿಗೆ ವಿನಾಯಿತಿ ಹೋಗುತ್ತದೆ ಅಂತ ಸಾಲ ಇಟ್ಟುಕೊಳ್ಳುವವರೂ ಇದ್ದಾರೆ. ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ಕಡಿತ ಇರುವುದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಇನ್ನು ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಮಾಡುವುದು) ಮಾಡಿಸದೆ ಹಾಗೇ ಮಾರುವ ಬೆಳೆಗಾರನಿಗೆ ಆ ಆದಾಯ ಕೃಷಿ ಆದಾಯ, ಕೇಂದ್ರದ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಗೆ ವಿನಾಯಿತಿ ಎಲ್ಲಿಂದ ಬರಬೇಕು?

ಫ್ಲೋಟಿಂಗ್ ಅಂದರೆ ಇಳಿಯುವುದು ಮಾತ್ರ ಅಲ್ಲ

ಈಗ ಇಳಿದಿದೆ ಅಂತ ಎಲ್ಲರೂ ಆ ಕಡೆ ಓಡುತ್ತಿದ್ದಾರೆ. 2022ರ ಮೇ ತಿಂಗಳಿಗೆ ಮುಂಚೆ ರೆಪೊ ಶೇ 4 ಇತ್ತು. 2023ರ ಫೆಬ್ರವರಿಗೆ 6.50. ಹತ್ತು ತಿಂಗಳೊಳಗೆ ಎರಡೂವರೆ ಪರ್ಸೆಂಟ್ ಏರಿತು. ಆಗ ಫಿಕ್ಸೆಡ್‌ನವರು ನೆಮ್ಮದಿಯಾಗಿದ್ದರು, ಫ್ಲೋಟಿಂಗ್‌ನವರ ಸಾಲದ ಅವಧಿ ವರ್ಷಗಟ್ಟಲೆ ಹಿಗ್ಗಿತು. ನಿಮ್ಮ ಫಿಕ್ಸೆಡ್ ಬಡ್ಡಿಗೂ ಈಗಿನ ಫ್ಲೋಟಿಂಗ್‌ಗೂ ಅಂತರ ಒಂದು ಪರ್ಸೆಂಟ್‌ಗಿಂತ ಕಡಿಮೆ ಇದ್ದರೆ, ನಾನಾದರೆ ಕದಲುವುದಿಲ್ಲ.

ಹೊರದೇಶದಲ್ಲಿರುವ ಮಕ್ಕಳ ಮಾತು ಕೇಳಿ ಗಾಬರಿಯಾಗಬೇಡಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಲ್ಲಿ ಫಿಕ್ಸೆಡ್ ಸಾಲ ಮುರಿದರೆ ಬ್ಯಾಂಕಿಗೆ ಆಗುವ ನಷ್ಟವನ್ನು ಲೆಕ್ಕ ಹಾಕಿ ವಸೂಲು ಮಾಡುತ್ತಾರೆ. ಬಡ್ಡಿ ಬಹಳ ಇಳಿದಿದ್ದರೆ ಅದು ದೊಡ್ಡ ಮೊತ್ತ ಆಗುತ್ತದೆ, ಏರಿದ್ದರೆ ಏನೂ ಇಲ್ಲದೆಯೂ ಹೋಗಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಹಾಗಲ್ಲ, ಕರಾರಿನಲ್ಲಿ ಬರೆದ ಪರ್ಸೆಂಟ್ ಅಷ್ಟೇ. 20 ಲಕ್ಷಕ್ಕೆ ಶೇ 10.5ರಲ್ಲಿ ಒಂದು ತಿಂಗಳ ಬಡ್ಡಿಯೇ 17,500. ಶೇ 2 ದಂಡ ಜಿಎಸ್‌ಟಿ ಸೇರಿ 47,200, ಅಂದರೆ ಮೂರು ತಿಂಗಳ ಬಡ್ಡಿಗಿಂತ ಕಡಿಮೆ.

ಮುಗಿಸಿದ ಮೇಲೆ

ಫೋರ್‌ಕ್ಲೋಷರ್ ಲೆಟರ್ (ಸಾಲ ಮುಗಿಸಲು ಒಟ್ಟು ಎಷ್ಟು ಕಟ್ಟಬೇಕು ಅಂತ ಬರೆದುಕೊಡುವ ಪತ್ರ) ತೆಗೆದುಕೊಳ್ಳುವಾಗ ಅದು ಯಾವ ತಾರೀಖಿನವರೆಗೆ ನಡೆಯುತ್ತದೆ ನೋಡಿ. ಆ ದಿನ ದಾಟಿದರೆ ದಿನದ ಬಡ್ಡಿ ಸೇರಿ ಮೊತ್ತ ಬದಲಾಗುತ್ತದೆ, ನೂರಿನ್ನೂರು ರೂಪಾಯಿ ಬಾಕಿ ಉಳಿದು ಸಾಲ ಕ್ಲೋಸ್ ಆಗದೆ ಕೂರುತ್ತದೆ. ಖಾತೆಯಿಂದ ಕಂತು ತಾನಾಗಿ ಕಡಿತವಾಗುವುದನ್ನು ನಿಲ್ಲಿಸಲು ಬರೆದು ಕೊಡಿ.

ಮೂಲ ಪತ್ರಗಳು ಸಾಮಾನ್ಯವಾಗಿ ಶಾಖೆಯಲ್ಲಿ ಇರುವುದಿಲ್ಲ, ದೂರದ ಊರಿನ ಗೋಡೌನ್‌ನಲ್ಲಿ ಇರುತ್ತವೆ. ಆದರೆ 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಗಟ್ಟಿಯಾಗಿದೆ: ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದನ್ನು ಹೇಳಿದರೆ ಗೋಡೌನ್ ಸ್ವಲ್ಪ ಹತ್ತಿರ ಬರುತ್ತದೆ. ಕೊಡದಿದ್ದರೆ ಲಿಖಿತ ದೂರು, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕಿನ ವಿಷಯಕ್ಕೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್, ಹೌಸಿಂಗ್ ಫೈನಾನ್ಸ್ ಕಂಪನಿಯಾದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕ್.

ಪತ್ರ ಕೈಗೆ ಬಂದಾಗ ಅಲ್ಲೇ ಕೂತು, ಸಾಲ ಕೊಡುವಾಗ ಕೊಟ್ಟ ಪಟ್ಟಿಯ ಜೊತೆ ಒಂದೊಂದೇ ಹಾಳೆ ತಾಳೆ ನೋಡಿ. ನನ್ನದರಲ್ಲಿ ಕ್ರಯಪತ್ರ ಇತ್ತು, ಪರಿವರ್ತನೆ ಆದೇಶದ ಎರಡನೇ ಹಾಳೆ ಇರಲಿಲ್ಲ. ಅಲ್ಲೇ ಹೇಳಿದ್ದಕ್ಕೆ ಹತ್ತು ದಿನದಲ್ಲಿ ಬಂತು. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎಂಓಡಿ ರದ್ದು ಮಾಡಿಸಿ, ಎರಡು ಮೂರು ವಾರ ಬಿಟ್ಟು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಯಿರಿ. ಸಾಲ ತೀರಿದ್ದು ಅದರಲ್ಲಿ ಕಾಣಬೇಕು. ಕಾಣದಿದ್ದರೆ ಎನ್‌ಒಸಿ (ಸಾಲ ಬಾಕಿ ಇಲ್ಲ ಅಂತ ಬ್ಯಾಂಕ್ ಕೊಟ್ಟ ಪತ್ರ) ಹಿಡಿದುಕೊಂಡು ಇನ್ನೊಂದು ಸಲ ಅದೇ ಆಫೀಸಿಗೆ ಹೋಗಬೇಕು. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಮೇಲೆ ಸರ್ವರ್ ಕೈಕೊಡುತ್ತದೆ.